ಆರಿದ್ರಾ ನಕ್ಷತ್ರಕ್ಕೊಂದು ಪಾಲಿಸಿ

ವಾಕಿಂಗ್ ಅಂತ ಮನೆಯಲ್ಲಿ ಹೇಳಿ ದಾವಣಗೆರೆಯ ಕುಂದವಾಡ ಕೆರೆ ಕಡೆ ಬರುವವರು ನಾವು ನಾಲ್ವರು. ನಡೆಯುವುದು ಕಮ್ಮಿ, ಮಂಡಕ್ಕಿ ಮೆಣಸಿನಕಾಯಿ ಜಾಸ್ತಿ. ಜನವರಿಯ ಒಂದು ಸಂಜೆ ಕರೆಂಟ್ ಹೋಯಿತು. ಊರು ಮಾಯವಾಗಿ ಆಕಾಶ ಕಾಣಿಸಿತು.

"ಅದ್ಯಾವ್ದೋ ಅದು ಕೆಂಪಗೆ?" ಎಂದು ಬಸಣ್ಣ ಮೂಡಣದ ಕಡೆ ಅರ್ಧ ಕಚ್ಚಿದ ಮೆಣಸಿನಕಾಯಿ ಚಾಚಿದ. ಸಾಲಾಗಿ ಮೂರು ಚುಕ್ಕಿ. ಅದರ ಎಡಕ್ಕೆ ಕೆಂಪು ಚುಕ್ಕಿ, ಬಲಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ನೀಲಿ ಮಿಶ್ರಿತ ಬಿಳಿ ಚುಕ್ಕಿ.

ಮಂಜಣ್ಣ ಮೇಷ್ಟ್ರು ಹೈಸ್ಕೂಲಿನಿಂದ ರಿಟೈರಾಗಿದ್ದಾರೆ, ಪಾಠದಿಂದ ಆಗಿಲ್ಲ. "ಎಡಗಡೆದು ನಮ್ಮ ಆರಿದ್ರಾ, ಹೊರಗಿನವರ ಬೀಟಲ್‌ಜ್ಯೂಸ್. ಬಲಗಡೆದು ರೀಗೆಲ್. ಎರಡೂ ಮಹಾದೈತ್ಯ ನಕ್ಷತ್ರಗಳೇ. ಆರಿದ್ರಾ ಮಾತ್ರ ಕೊನೆಗಾಲದಲ್ಲಿದೆ, ಒಂದಿನ ಸಿಡಿಯುತ್ತೆ."

ಬಸಣ್ಣನಿಗೆ ಚನ್ನಗಿರಿ ಕಡೆ ಅಡಿಕೆ ತೋಟ. ಅವನ ಬಾಯಿ ನಿಂತಿತು. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅಂತಾರೆ ಮೇಷ್ಟ್ರೆ. ಅದೇ ಸಿಡಿದು ಹೋದ್ರೆ ಮಳೆ ಗತಿ?"

"ಮಳೆ ಲೆಕ್ಕ ಸೂರ್ಯಂದು ಕಣಯ್ಯಾ. ಜೂನ್ ಕೊನೆ ವಾರದಲ್ಲಿ ಸೂರ್ಯ ಆಕಾಶದ ಆ ಭಾಗಕ್ಕೆ ಬರ್ತಾನೆ, ಅದಕ್ಕೆ ಆರಿದ್ರಾ ಮಳೆ ಅಂತೀವಿ. ನಕ್ಷತ್ರ ಸತ್ತರೂ ಪಂಚಾಂಗದಲ್ಲಿ ಹೆಸರು ಇದ್ದೇ ಇರುತ್ತೆ."

"ಹಂಗನ್ನಿ. ನಮ್ಮಜ್ಜ ಸತ್ತು ಎಷ್ಟು ವರ್ಷ ಆತು, ಪಹಣಿಯಾಗೆ ಇನ್ನೂ ಅದಾನೆ" ಎಂದು ಬಸಣ್ಣ ಸಮಾಧಾನವಾಗಿ ಜಗಿಯಲು ಶುರು ಮಾಡಿದ.

ಈಗ ಎದ್ದವನು ವಿಮೆ ಏಜೆಂಟ್ ರುದ್ರೇಶ. "ವಯಸ್ಸೆಷ್ಟು ಸಾರ್ ಅದಕ್ಕೆ?"

"ಸುಮಾರು ಒಂದು ಕೋಟಿ ವರ್ಷ."

"ಸೂರ್ಯನಿಗೆ?"

"ನಾನೂರ ಅರವತ್ತು ಕೋಟಿ. ಇನ್ನೂ ಅಷ್ಟೇ ಇರ್ತಾನೆ."

ರುದ್ರೇಶನಿಗೆ ಇದು ಸರಿಬರಲಿಲ್ಲ. ಆರಿದ್ರಾದ ತೂಕ ಹದಿನೈದು ಇಪ್ಪತ್ತು ಸೂರ್ಯರಷ್ಟು. ಬಂಡವಾಳ ಅಷ್ಟಿದ್ದ ಮೇಲೆ ಆಯಸ್ಸೂ ಜಾಸ್ತಿ ಇರಬೇಕಲ್ವಾ? ಇಲ್ಲ. ಭಾರ ಹೆಚ್ಚಾದಷ್ಟೂ ಒಳಗೆ ಒತ್ತಡ, ಬಿಸಿ ಹೆಚ್ಚು, ಉರಿಯುವ ವೇಗ ಇನ್ನೂ ಹೆಚ್ಚು. ಸೂರ್ಯನಿಗಿಂತ ಲಕ್ಷದ ಆಸುಪಾಸು ಪಟ್ಟು ಬೆಳಕು ಚೆಲ್ಲುತ್ತಿದೆ ಈ ಪುಣ್ಯಾತ್ಮ. ಒಳಗಿನ ಹೈಡ್ರೋಜನ್ ಖಾಲಿಯಾಗಿ ಮೈ ಊದಿಕೊಂಡಿದೆ. ಸೂರ್ಯನ ಜಾಗದಲ್ಲಿ ತಂದು ಕೂರಿಸಿದರೆ ಭೂಮಿ ಇರಲಿ, ಮಂಗಳನೂ ಅದರ ಹೊಟ್ಟೆಯೊಳಗೆ. ಈಗ ಹೀಲಿಯಂ ಉರಿಯುತ್ತಿದೆ. ಆಮೇಲೆ ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್. ಒಂದೊಂದಕ್ಕೂ ಅವಧಿ ಕಡಿಮೆಯಾಗುತ್ತಾ ಹೋಗುತ್ತದೆ, ಸಿಲಿಕಾನ್ ಬಾಳುವುದು ಕೆಲವೇ ದಿನ. ಕೊನೆಗೆ ಉಳಿಯುವ ಕಬ್ಬಿಣ ಉರಿದು ಶಕ್ತಿ ಕೊಡುವುದಿಲ್ಲ. ಒಂದು ಸೆಕೆಂಡಿನೊಳಗೆ ನಡುಭಾಗ ಕುಸಿಯುತ್ತದೆ.

"ಡೇಟ್ ಹೇಳಿ ಸಾರ್."

"ಒಂದು ಲಕ್ಷ ವರ್ಷದ ಲೆಕ್ಕ ಇಟ್ಕೋ."

ನನಗೆ ಈ ಸಾಯುವ ದಿನದ ವಿಚಾರಣೆಯೇ ಹಿಡಿಸುವುದಿಲ್ಲ. ಬದುಕಿದ್ದಾಗಲೇ ಅದು ಮಾಡುವ ಕಿತಾಪತಿ ಏನು ಕಡಿಮೆಯೇ? 1836ರಲ್ಲೇ ಜಾನ್ ಹರ್ಷೆಲ್ ಅದರ ಬೆಳಕು ಏರಿಳಿಯುವುದನ್ನು ಗಮನಿಸಿದ್ದ. ಸುಮಾರು 400 ದಿನಕ್ಕೊಮ್ಮೆ ಇಡೀ ಮೈ ಉಬ್ಬಿ ಕುಗ್ಗುತ್ತದೆ. ಸೂರ್ಯನ ಮೈಮೇಲೆ ಕುದಿಯುವ ಗುಳ್ಳೆಗಳು ಲಕ್ಷಗಟ್ಟಲೆ, ಒಂದೊಂದೂ ಸಾವಿರ ಕಿಲೋಮೀಟರ್ ಅಗಲ. ಒಂದು ಎದ್ದರೆ ಇನ್ನೊಂದು ಬಿದ್ದು ಲೆಕ್ಕ ಸರಿಹೋಗುತ್ತದೆ. ಆರಿದ್ರಾದಲ್ಲಿ ಗುಳ್ಳೆಗಳು ಬೆರಳೆಣಿಕೆಯಷ್ಟು, ಆದರೆ ಭಯಂಕರ ದೊಡ್ಡವು. ಒಂದು ಏರುಪೇರಾದರೂ ಇಲ್ಲಿಂದಲೇ ಗೊತ್ತಾಗುತ್ತದೆ.

2019ರ ಕೊನೆಗೆ ಅದೇ ಆಯಿತು. ಬೆಳಕು ಇಳಿಯುತ್ತಾ 2020ರ ಫೆಬ್ರವರಿಗೆ ಮಾಮೂಲಿನ ಮೂರರಲ್ಲೊಂದು ಪಾಲಿಗೆ ಬಂತು. ಸಿಡಿಯಿತು, ಈಗ ಸಿಡಿಯಿತು ಅಂತ ಜಗತ್ತೆಲ್ಲ ಕಾದು ಕೂತಿತು. ನಮ್ಮ ಮೇಷ್ಟ್ರು ದಿನಾ ರಾತ್ರಿ ಮಂಕಿ ಕ್ಯಾಪ್ ಹಾಕಿ ತಾರಸಿ ಹತ್ತಿದರು. ಆಮೇಲೆ ನೋಡಿದರೆ ಒಳಗಿಂದ ಎದ್ದ ಬಿಸಿ ಅನಿಲ ಹೊರಗೆ ಚಿಮ್ಮಿ, ತಣ್ಣಗಾಗಿ ಧೂಳಾಗಿ, ಮುಖಕ್ಕೆ ಅಡ್ಡ ನಿಂತಿತ್ತು. ಚಿಮ್ಮಿದ ಮಾಲು ನಮ್ಮ ಚಂದ್ರನ ಹಲವು ಪಟ್ಟು ತೂಕ. ಏಪ್ರಿಲ್ ಹೊತ್ತಿಗೆ ಮತ್ತೆ ಫಳಫಳ.

"ಸುಳ್ಳು ಕ್ಲೇಮು" ಎಂದ ರುದ್ರೇಶ.

"ಕೆಂಪು ನೋಡಿ ಮೋಸ ಹೋಗಬೇಡ" ಅಂದರು ಮೇಷ್ಟ್ರು. "ಕೆಂಪಾಗಿ ಊದಿದ ಮೇಲೇ ಸಿಡಿಯೋದು ಅಂತ ಪಂಡಿತರೆಲ್ಲ ನಂಬಿದ್ದರು. 1987ರಲ್ಲಿ ಪಕ್ಕದ ಸಣ್ಣ ಗ್ಯಾಲಕ್ಸಿಯಲ್ಲಿ ಸಿಡಿದದ್ದು ರೀಗೆಲ್ ಥರದ ನೀಲಿ ನಕ್ಷತ್ರ."

"ಮೆಡಿಕಲ್ ಚೆಕಪ್ಪಿಗೂ ಬೆಲೆ ಇಲ್ಲ ಅನ್ನಿ." ರುದ್ರೇಶ ಮಂಡಕ್ಕಿ ಪೊಟ್ಟಣದ ಕಾಗದ ಬಿಡಿಸಿ, ಎಣ್ಣೆ ಹತ್ತದ ಮೂಲೆ ಹುಡುಕಿ, ಪೆನ್ನು ತೆಗೆದ. "ಇರಲಿ, ಫಾರಂ ತುಂಬಿಬಿಡೋಣ. ನಾಮಿನಿ ಯಾರಾದ್ರೂ ಇದ್ದಾರಾ?"

ಮೇಷ್ಟ್ರು ಗೆಲುವಾದರು. "ಇದೆಯಪ್ಪಾ! ಬೆಳಕು ಆರು ವರ್ಷಕ್ಕೊಮ್ಮೆ ಬೇರೆ ಥರ ಏರಿಳಿಯುತ್ತಿತ್ತು, ಪಕ್ಕದಲ್ಲಿ ಯಾರೋ ಸುತ್ತುತ್ತಿರಬೇಕು ಅಂತ ಅನುಮಾನ ಇತ್ತು. 2025ರಲ್ಲಿ ಹವಾಯಿಯ ಜೆಮಿನಿ ದೂರದರ್ಶಕದಲ್ಲಿ ಒಂದು ಸಣ್ಣ ನಕ್ಷತ್ರದ ಸುಳಿವು ಸಿಕ್ಕಿದೆ. ತೀರಾ ಹತ್ತಿರ, ದೊಡ್ಡದರ ಹೊರ ಅನಿಲದೊಳಗೇ ಓಡಾಡ್ತಿದೆಯಂತೆ."

"ಸಂಬಂಧ?"

"ಜೊತೆಗಾರ. ಆದರೆ ಇನ್ನು ಹತ್ತು ಸಾವಿರ ವರ್ಷದೊಳಗೆ ದೊಡ್ಡದೇ ಅದನ್ನು ನುಂಗಿಬಿಡಬಹುದು."

ರುದ್ರೇಶ ಬರೆದದ್ದನ್ನು ಹೊಡೆದು ಹಾಕಿದ. "ನಾಮಿನಿನ ನುಂಗೋ ಪಾರ್ಟಿ ನಮಗೆ ಬ್ಯಾಡ ಸಾರ್. ರೀಗೆಲ್ ಬಗ್ಗೆ ಹೇಳಿ."