ಯೂರಿನ್ ಸ್ಲೈಡ್‌ನಲ್ಲಿ ಗುಂಡಗಿನ ಕೋಶ, ಏನಿರಬಹುದು?

ಪ್ರಶ್ನೆ (ಮಲ್ಪೆ ಲ್ಯಾಬ್‌ನವಳು):
ಸ್ಕ್ವಾಮಸ್ ಕೋಶ (ಮೂತ್ರದ್ವಾರದ ಕಡೆಯಿಂದ ಉದುರುವ ಚಪ್ಪಟೆ ಕೋಶ) ದಿನಾ ನೋಡುತ್ತೇನೆ. ನೀರುದೋಸೆ ಹಾಗೆ ಅಗಲ, ಅಂಚು ಮಡಚಿರುತ್ತದೆ. ಇವತ್ತಿನದು ಬೇರೆ. ಬಿಳಿ ರಕ್ತಕಣಕ್ಕಿಂತ ಸ್ವಲ್ಪ ದೊಡ್ಡದು, ಗುಂಡಗೆ, ನ್ಯೂಕ್ಲಿಯಸ್ ಒಂದೇ, ಅದೂ ಒಂದು ಬದಿಗೆ. 40ಎಕ್ಸ್ ಲೆನ್ಸ್‌ನಲ್ಲಿ ಫೀಲ್ಡಿಗೆ (ಒಂದು ನೋಟಕ್ಕೆ) 3-4. ಸುಮ್ನೆ 'ಪಸ್ ಸೆಲ್' (ಕೀವಿನ ಬಿಳಿ ಕಣ) ಅಂತ ಬರೆಯಲು ಮನಸ್ಸಾಗಲಿಲ್ಲ.

ಉತ್ತರ 1:
ಟ್ರಾನ್ಸಿಷನಲ್ (ಮೂತ್ರಕೋಶದ ಒಳಪದರದ ಕೋಶ) ಇರಬಹುದಾ? ಕ್ಯಾಥೆಟರ್ ಹಾಕಿದವರಲ್ಲಿ ಜಾಸ್ತಿ ಕಾಣುತ್ತದೆ. ಆದರೆ ಅದರ ನ್ಯೂಕ್ಲಿಯಸ್ ಸಾಮಾನ್ಯವಾಗಿ ನಡುವೆ ಇರುತ್ತದೆ. ಕೆಲವಕ್ಕೆ ಗೊದಮೊಟ್ಟೆಯಂತೆ ಬಾಲವೂ ಇರುತ್ತದೆ.

ಉತ್ತರ 2:
ನನಗೆ ಕಿಡ್ನಿಯ ಟ್ಯೂಬ್ಯೂಲ್ (ಸಣ್ಣ ನಳಿಕೆ) ಕೋಶ ಅನಿಸುತ್ತದೆ. ಒಂದು ಹನಿ 2% ಅಸೆಟಿಕ್ ಆಸಿಡ್ ಹಾಕಿ. ಕೆಂಪು ಕಣ ಕರಗುತ್ತದೆ, ಬಿಳಿ ಕಣದ ಹೋಳು ಹೋಳಾದ ನ್ಯೂಕ್ಲಿಯಸ್ ಎದ್ದು ಕಾಣುತ್ತದೆ. ಕಂದು ಬಣ್ಣದ ಗ್ರ್ಯಾನ್ಯುಲರ್ ಕ್ಯಾಸ್ಟ್ (ಆ ನಳಿಕೆಯೊಳಗೆ ಅಚ್ಚಾಗಿ ಬರುವ ಕಣಕಣವಾದ ತುಂಡು) ಇದೆಯಾ ಅಂತ 10ಎಕ್ಸ್‌ನಲ್ಲಿ ಹುಡುಕಿ. ಒಂದೇ ನ್ಯೂಕ್ಲಿಯಸ್‌ನ ಕೋಶ, ಕ್ಯಾಸ್ಟ್ ಎರಡೂ ಸಿಕ್ಕರೆ ಟ್ಯೂಬ್ಯೂಲ್‌ಗೆ ಪೆಟ್ಟು ಬಿದ್ದಿರಬಹುದು. ಸ್ಯಾಂಪಲ್ ಎಷ್ಟು ಹೊತ್ತಿನದು? ನಮ್ಮ ಸೆಕೆಯಲ್ಲಿ 2 ಗಂಟೆ ದಾಟಿದರೆ ಕ್ಯಾಸ್ಟ್ ಉಳಿಯುವುದು ಕಷ್ಟ, ಅಲ್ವಾ?

ಮಲ್ಪೆ ಲ್ಯಾಬ್‌ನವಳು:
ಅರ್ಧ ಗಂಟೆಯದ್ದೇ. ಆಸಿಡ್ ಹಾಕಿದೆ, ನ್ಯೂಕ್ಲಿಯಸ್ ಒಂದೇ. ಕಂದು ಕ್ಯಾಸ್ಟೂ ಎರಡು ಸಿಕ್ಕಿತು! ಪೆಥಾಲಜಿಸ್ಟ್‌ಗೆ ಸ್ಲೈಡ್ ತೋರಿಸಿದೆ. ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ಮಾಡಿ ಅಂದರು. ರಕ್ತ ಈಗ ಸೆಂಟ್ರಿಫ್ಯೂಜ್‌ನಲ್ಲಿದೆ.