ದಮ್ಮಾಮಿನ ಗೋದಾಮು, ಕಳ್ಳತನದ ದೂರು: ಷರೀಅತ್ ಏನು ಹೇಳುತ್ತದೆ?

ಪ್ರಶ್ನೆ:
ಮೇಡಂ, ನಮಸ್ಕಾರ. ನಮ್ಮದು ಭಟ್ಕಳದ ಹತ್ತಿರ. ನಮ್ಮ ಭಾವ ಆರು ವರ್ಷದಿಂದ ಸೌದಿಯ ದಮ್ಮಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದಾರೆ. ಗೋದಾಮಿನ ಲೆಕ್ಕ ತಾಳೆಯಾಗಲಿಲ್ಲ ಅಂತ ಮಾಲೀಕರು ಕಳ್ಳತನದ ದೂರು ಕೊಟ್ಟಿದ್ದಾರೆ. ಕೀಲಿ ಭಾವನ ಕೈಯಲ್ಲೇ ಇತ್ತು. ತಾನು ಏನೂ ತೆಗೆದಿಲ್ಲ ಅನ್ನುತ್ತಾರೆ. "ಅಲ್ಲಿ ಕದ್ದರೆ ಕೈ ಕಡೀತಾರೆ" ಅಂತ ಬಂದವರೆಲ್ಲ ಹೇಳಿ ಹೇಳಿ ಅಕ್ಕನಿಗೆ ಊಟ ಸೇರುತ್ತಿಲ್ಲ. ಕಾನೂನು ನಿಜಕ್ಕೂ ಹೀಗೇ ಇದೆಯಾ?

ವಕೀಲರ ಉತ್ತರ:
ಮೊದಲು ಅಕ್ಕನಿಗೆ ಊಟ ಮಾಡಲು ಹೇಳಮ್ಮ. ಕೀಲಿ ಭಾವನ ಕೈಯಲ್ಲೇ ಇತ್ತು ಎಂದು ನೀನು ಹೆದರಿಕೊಂಡು ಬರೆದೆಯಲ್ಲ, ಅವರ ಕೈ ಕಾಯುವುದು ಆ ಮಾತೇ.

ಕುರ್‌ಆನಿನ ಐದನೇ ಅಧ್ಯಾಯದ 38ನೇ ವಚನ ಕಳ್ಳನ, ಕಳ್ಳಿಯ ಕೈ ಕತ್ತರಿಸಲು ಹೇಳುತ್ತದೆ, ನಿಜ. ಹೀಗೆ ಧರ್ಮವೇ ನಿಗದಿಪಡಿಸಿದ, ನ್ಯಾಯಾಧೀಶರು ಬದಲಿಸಲಾಗದ ಶಿಕ್ಷೆಗೆ 'ಹದ್ದ್' ಎನ್ನುತ್ತಾರೆ. ಮರುವಚನವೇ ಪಶ್ಚಾತ್ತಾಪಪಟ್ಟು ತಿದ್ದಿಕೊಂಡವರಿಗೆ ಅಲ್ಲಾಹನ ಕ್ಷಮೆಯಿದೆ ಎನ್ನುತ್ತದೆ. ಊರಿನ ಬಾಯಲ್ಲಿ ಉಳಿದಿರುವುದು ಮೊದಲನೆಯದು ಮಾತ್ರ. ಯಾವುದನ್ನು 'ಕಳ್ಳತನ' ಎನ್ನಬೇಕು ಎಂಬುದನ್ನು ಧರ್ಮಶಾಸ್ತ್ರಜ್ಞರು ಬಹಳ ಬಿಗಿಯಾಗಿ ಕಟ್ಟಿದ್ದಾರೆ. ಕಾವಲಿನಲ್ಲಿಟ್ಟ ಪರರ ಸೊತ್ತನ್ನು ಗುಟ್ಟಾಗಿ ಹೊರಗೆ ಸಾಗಿಸಿದರೆ ಮಾತ್ರ ಅದು 'ಸರಿಕಾ'. ಆ ಕಾವಲಿಗೆ 'ಹಿರ್ಝ್' ಎಂದು ಹೆಸರು: ಬೀಗ ಹಾಕಿದ ಮನೆ, ಪೆಟ್ಟಿಗೆ, ಕಾವಲುಗಾರ. ಮಾಲೀಕನೇ ನಂಬಿ ಕೀಲಿ ಕೊಟ್ಟವನಿಗೆ ಆ ಗೋದಾಮು ಹಿರ್ಝ್ ಆಗುವುದಿಲ್ಲ. ಅವನು ಮಾಲು ತೆಗೆದರೆ ಅದು ನಂಬಿಕೆದ್ರೋಹ, ಅಂದರೆ 'ಖಿಯಾನತ್'. ನಂಬಿಕೆದ್ರೋಹಿಗೂ ಕಸಿದು ಓಡುವವನಿಗೂ ಕೈ ಕತ್ತರಿಸುವ ಶಿಕ್ಷೆಯಿಲ್ಲ ಎಂದು ಹದೀಸಿನಲ್ಲೇ, ಅಂದರೆ ಪ್ರವಾದಿಯವರ ನುಡಿಗಳಲ್ಲೇ ಇದೆ.

ಮಾಲಿನ ಬೆಲೆಗೂ ಒಂದು ಕೆಳಮಿತಿ ಇದೆ, 'ನಿಸಾಬ್' ಅಂತ. ನಿಮ್ಮ ಕಡೆ ನಡೆಯುವ ಶಾಫಿಈ ಪಂಥದಲ್ಲಿ ಕಾಲು ದೀನಾರ್, ಸುಮಾರು ಒಂದು ಗ್ರಾಂ ಚಿನ್ನ. ಹನಫಿಗಳಲ್ಲಿ ಹತ್ತು ದಿರ್ಹಮ್ ಬೆಳ್ಳಿ. ಸೌದಿ ನ್ಯಾಯಾಲಯಗಳು ಹೆಚ್ಚಾಗಿ ಅನುಸರಿಸುವ ಹಂಬಲಿ ಪಂಥದಲ್ಲೂ ಕಾಲು ದೀನಾರ್, ಇಲ್ಲವೇ ಮೂರು ದಿರ್ಹಮ್. ಸಾಕ್ಷಿಗೆ ಕಣ್ಣಾರೆ ಕಂಡ ಇಬ್ಬರು ಬೇಕು, ಇಲ್ಲದಿದ್ದರೆ ಆರೋಪಿಯ ತಪ್ಪೊಪ್ಪಿಗೆ ಬೇಕು. ಲೆಕ್ಕದ ಪುಸ್ತಕದಲ್ಲಿ ಮಾಲು ಕಡಿಮೆ ಬಂತು ಎಂಬುದು ಇವೆರಡೂ ಅಲ್ಲ.

ಹಾಗಂತ ಕೇಸು ಹಗುರ ಅಂದುಕೊಳ್ಳಬೇಡ. ಹದ್ದ್ ಬೀಳದ ಕಡೆ ನ್ಯಾಯಾಧೀಶರ ವಿವೇಚನೆಯ 'ತಅಝೀರ್' ಶಿಕ್ಷೆ ಇರುತ್ತದೆ. ನಂಬಿಕೆದ್ರೋಹಕ್ಕೆಂದೇ ಸೌದಿಯಲ್ಲಿ 2021ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ, ಜೈಲೂ ಇದೆ, ದಂಡವೂ ಇದೆ. ನಿಮ್ಮ ಹೋರಾಟ ಇರುವುದು ಅಲ್ಲಿ.

ಪ್ರಶ್ನೆ ಕೇಳಿದವರು:
ಮೇಡಂ, ಈಗ ಉಸಿರು ಬಂತು. ಆದರೆ ಅರಬ್ಬಿಯಲ್ಲಿ ಬರೆದ ಯಾವುದೋ ಕಾಗದಕ್ಕೆ ಭಾವನ ಸಹಿ ಹಾಕಿಸಿಕೊಂಡಿದ್ದಾರಂತೆ. ಅವರಿಗೆ ಅರಬ್ಬಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

ವಕೀಲರ ಉತ್ತರ:
ಇದನ್ನು ಮೊದಲೇ ಹೇಳಬೇಕಿತ್ತು. ಹದ್ದ್ ವಿಷಯದಲ್ಲಿ ತಪ್ಪೊಪ್ಪಿಗೆಯನ್ನು ವಾಪಸ್ ತೆಗೆದುಕೊಂಡರೆ ಶಿಕ್ಷೆ ನಿಲ್ಲುತ್ತದೆ. ಹಂಬಲಿ ಪಂಥದಲ್ಲಂತೂ ಎರಡು ಸಲ ಒಪ್ಪಿಕೊಳ್ಳಬೇಕು. ಆದರೆ ಹಣದ ಹೊಣೆ ಹಾಗೆ ಕಳಚುವುದಿಲ್ಲ. ಒಪ್ಪಿಕೊಂಡ ಸೊತ್ತನ್ನು ಮಾಲೀಕ ಕೇಳಬಹುದು. ಆದ್ದರಿಂದ ಆ ಕಾಗದದ ಪ್ರತಿ ಪಡೆದು ಅನುವಾದ ಮಾಡಿಸಿ. ಓದಲು ಬಾರದೆ ಸಹಿ ಮಾಡಿದೆ ಎಂಬುದನ್ನು ಭಾವ ತನಿಖಾಧಿಕಾರಿಯ ಮುಂದೆಯೇ ಹೇಳಿ ದಾಖಲಿಸಲಿ. ತನಿಖೆಯಲ್ಲೂ ವಿಚಾರಣೆಯಲ್ಲೂ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಅಲ್ಲಿನ ದಂಡ ಪ್ರಕ್ರಿಯೆಯ ಕಾನೂನೇ ಕೊಟ್ಟಿದೆ. ದಮ್ಮಾಮ್ ಬರುವುದು ರಿಯಾದಿನ ಭಾರತೀಯ ರಾಯಭಾರ ಕಚೇರಿಗೆ, ಜಿದ್ದಾದ ಕಾನ್ಸುಲೇಟಿಗಲ್ಲ. ಅಲ್ಲಿಗೆ ಇವತ್ತೇ ಬರೆಯಿರಿ.

ಇನ್ನೊಬ್ಬ ಸದಸ್ಯರು:
ಮೇಡಂ, ಹೊಟ್ಟೆಗಿಲ್ಲದೆ ಕದ್ದವನಿಗೂ ಇದೇ ಶಿಕ್ಷೆಯಾ?

ವಕೀಲರ ಉತ್ತರ:
ಇಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಪ್ರವಾದಿಯವರ ನಂತರ ಆಳಿದ ಎರಡನೇ ಖಲೀಫ ಉಮರ್ ನೆನಪಾಗುತ್ತಾರೆ. ಹಿಜರಿ 18ರಲ್ಲಿ ಅರೇಬಿಯಾಕ್ಕೆ ಭೀಕರ ಬರ ಬಂದಾಗ ಅವರು ಈ ಶಿಕ್ಷೆಯನ್ನೇ ತಡೆಹಿಡಿದರು. ಇನ್ನೊಂದು ಸಲ ಹಾತಿಬ್ ಎಂಬವರ ಗುಲಾಮರು ಒಬ್ಬನ ಒಂಟೆ ಕದ್ದು ಕೊಯ್ದು ತಿಂದಿದ್ದರು. ಕೈ ಕತ್ತರಿಸಲು ಹೇಳಿದ ಉಮರ್ ಆಮೇಲೆ ಒಡೆಯನ ಕಡೆ ತಿರುಗಿ, ನೀನು ಇವರನ್ನು ಹಸಿವಿನಲ್ಲಿ ಇಟ್ಟಿದ್ದೀಯ ಎಂದರು. ಒಂಟೆಯ ಬೆಲೆ 400 ದಿರ್ಹಮ್. ಒಡೆಯನೇ 800 ಕೊಡುವಂತೆ ತೀರ್ಪಾಯಿತು. ಕಳ್ಳತನದ ಹಿಂದಿದ್ದ ಹಸಿವಿಗೆ ಯಾರು ಕಾರಣ ಎಂದು ಕೇಳಿದ ಆ ತೀರ್ಪು ಇವತ್ತಿನ ನ್ಯಾಯಾಧೀಶರೂ ಓದಬೇಕಾದದ್ದು.

ಮತ್ತೊಬ್ಬರು:
ನಮ್ಮ ದೇಶದಲ್ಲಿ ಮುಸ್ಲಿಮರಿಗೆ ಮದುವೆಗೆ ಷರೀಅತ್, ಕಳ್ಳತನಕ್ಕೆ ಮಾತ್ರ ಬೇರೆ ಕಾನೂನು, ಯಾಕೆ?

ವಕೀಲರ ಉತ್ತರ:
1937ರ ಷರೀಅತ್ ಕಾಯ್ದೆ ಮದುವೆ, ತಲಾಖ್, ಆಸ್ತಿಯಂಥ ವಿಷಯಗಳಿಗೆ ಮಾತ್ರ. ಅಪರಾಧ ಅದರೊಳಗಿಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಬಂಗಾಳದ ಕೋರ್ಟುಗಳು ಇಸ್ಲಾಮೀ ದಂಡನೀತಿಯನ್ನೇ ಎಲ್ಲ ಧರ್ಮದವರಿಗೂ ಅನ್ವಯಿಸುತ್ತಿದ್ದವು. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅಂಗಚ್ಛೇದನ ನಿಲ್ಲಿಸಿ ಅದರ ಬದಲು ಕಠಿಣ ಸಜೆ ತಂದ. 1862ರಲ್ಲಿ ದಂಡ ಸಂಹಿತೆ ಜಾರಿಯಾದ ಮೇಲೆ ಎಲ್ಲರಿಗೂ ಒಂದೇ ಕಾನೂನು. ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ.

ಪ್ರಶ್ನೆ ಕೇಳಿದವರು:
ಮೇಡಂ, ರಾಯಭಾರ ಕಚೇರಿಗೆ ಮೇಲ್ ಕಳಿಸಿದೆವು. ಮಾಲೀಕರ ಜೊತೆ ಮಾತಾಡಿ ರಾಜಿ ಮಾಡಿಕೊಳ್ಳಬಹುದಾ?

ವಕೀಲರ ಉತ್ತರ:
ಮಾತಾಡಿ, ಆದರೆ ವಕೀಲರ ಮೂಲಕ. ಅಲ್ಲಿ ದೂರುದಾರನ ಖಾಸಗಿ ಹಕ್ಕು ಬೇರೆ, ಸರ್ಕಾರದ ಹಕ್ಕು ಬೇರೆ. ಮಾಲೀಕ ಬಿಟ್ಟುಕೊಟ್ಟರೂ ಸರ್ಕಾರದ್ದು ಉಳಿಯಬಹುದು, ಆದರೆ ಶಿಕ್ಷೆ ಇಳಿಯಲು ಅದು ನೆರವಾಗುತ್ತದೆ. ಮಾಲು ನಾನೇ ತೆಗೆದೆ ಎಂಬ ಸಾಲಿರುವ ರಾಜಿಪತ್ರಕ್ಕೆ ಮಾತ್ರ ಭಾವ ಸಹಿ ಹಾಕಬಾರದು.