ಚಕ್ರದ ಒಂದು ನಟ್ ರೌಂಡ್ ಆಗಿದೆ, ಪಾನಾ ಹಿಡೀತಿಲ್ಲ

ಪ್ರಶ್ನೆ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ವ್ಯಾಗನ್ ಆರ್. ಹೋದ ತಿಂಗಳು ದುರ್ಗದಿಂದ ಬರುವಾಗ ಭರಮಸಾಗರದ ಹತ್ತಿರ ಪಂಕ್ಚರ್ ಆಗಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ನಟ್ ತಿರುಗಿಸೋ ಗನ್ ಮೆಷಿನ್ ಹಿಡಿದು ಬಿಗಿದು ಕೊಟ್ಟರು. ನಿನ್ನೆ ಬ್ರೇಕ್ ಪ್ಯಾಡ್ ಬದಲಿಸೋಣ ಅಂತ ಕೂತೆ. ಎಡಗಡೆ ಮುಂದಿನ ಚಕ್ರದಲ್ಲಿ ಮೂರು ನಟ್ ಬಂದವು, ನಾಲ್ಕನೇದು ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಮೂಲೆಗಳೆಲ್ಲ ಸವೆದಿವೆ. ಭಾನುವಾರ ಮಗಳನ್ನ ಶಿವಮೊಗ್ಗಕ್ಕೆ ಬಿಡಬೇಕು. ದಯವಿಟ್ಟು ದಾರಿ ಹೇಳಿ.

ಉತ್ತರ (ಹರಿಹರ):
ಒಂದು ವಿಷಯ ಹೇಳ್ರಿ ಸರ್. ಪಾನಾ ನಟ್ ಮೇಲೆ ಜಾರ್ತದೋ, ಇಲ್ಲಾ ನಟ್ಟೇ ಸುಮ್ಮನೆ ಸುತ್ತುತ್ತಾ ಹೊರಗೆ ಬರ್ತಿಲ್ಲವೋ? ಮೊದಲನೇದಾದ್ರೆ ನಟ್ಟಿನ ತಲೆ ಹೋಗಿದೆ. ಎರಡನೇದಾದ್ರೆ ಥ್ರೆಡ್ (ತಿರುಪಿನ ಗೆರೆ) ಹೋಗಿದೆ, ಇಲ್ಲಾ ನಟ್ ಕೂರೋ ಬೋಲ್ಟ್, ಅಂದ್ರೆ ಸ್ಟಡ್ಡೇ, ಚಕ್ರ ಕೂರೋ ಹಬ್‌ನಲ್ಲಿ ಸಡಿಲಾಗಿ ತಿರುಗ್ತಿದೆ. ಮದ್ದು ಬೇರೆ ಬೇರೆ.

ಪ್ರಶ್ನೆ ಕೇಳಿದವರು:
ಪಾನಾನೇ ಜಾರ್ತದೆ, ನಟ್ ಅಲುಗಾಡಿಲ್ಲ. ನಾನು ಹಾಕಿದ್ದು ಹನ್ನೆರಡು ಮೂಲೆಯ 19ರ ಸಾಕೆಟ್.

ಉತ್ತರ (ಹರಿಹರ):
ಹಾಗಾದ್ರೆ ಆ ಸಾಕೆಟ್ ಪಕ್ಕಕ್ಕಿಡ್ರಿ. ಹನ್ನೆರಡು ಮೂಲೆಯದು ನಟ್ಟಿನ ತುದಿ ಮೂಲೆಯನ್ನಷ್ಟೇ ಕಚ್ಚಿಕೊಳ್ಳೋದು. ಆರು ಮೂಲೆಯದು ಮಗ್ಗುಲನ್ನೇ ಹಿಡಿಯುತ್ತೆ.

ಬಿಚ್ಚಿದ ಮೂರು ನಟ್ ವಾಪಸ್ ಹಾಕಿ ಬಿಗಿ ಮಾಡ್ರಿ. ಈಗ ಚಕ್ರದ ಎಳೆತವೆಲ್ಲ ಆ ಒಂದೇ ನಟ್ ಮೇಲೆ ಬಿದ್ದಿದೆ, ಅದು ಹಂಚಿಹೋಗಲಿ. ಜಾಕ್ ಇಳಿಸಿ ಹ್ಯಾಂಡ್ ಬ್ರೇಕ್ ಹಾಕ್ರಿ. ಆರು ಮೂಲೆಯ 18 ಎಂಎಂ ಇಂಪ್ಯಾಕ್ಟ್ ಸಾಕೆಟ್ ತಂದು ಸವೆದ ನಟ್ ಮೇಲೆ ಸುತ್ತಿಗೆಯಿಂದ ನೇರವಾಗಿ ಬಡಿದು ಕೂರಿಸ್ರಿ. ಉದ್ದನೆ ಹಿಡಿ ಹಾಕಿ ನಿಧಾನವಾಗಿ ಒತ್ತಡ ಕೊಡ್ರಿ, ಜಗ್ಗಿ ಜಗ್ಗಿ ಎಳೀಬೇಡ್ರಿ. ಆಗಲೂ ಜಾರಿದ್ರೆ ಒಳಗೆ ಸುರುಳಿ ಹಲ್ಲಿರೋ ಎಕ್ಸ್‌ಟ್ರಾಕ್ಟರ್ ಸಾಕೆಟ್ ಸಿಗುತ್ತೆ. ತಿರುಗಿಸಿದಷ್ಟೂ ನಟ್ಟನ್ನ ಬಿಗಿಯಾಗಿ ಕಚ್ಚುತ್ತೆ ಅದು.

ಉತ್ತರ (ಚಿತ್ರದುರ್ಗ):
ಅದರ ಮೇಲೆ ಇನ್ನೊಂದು ನಟ್ ಇಟ್ಟು ವೆಲ್ಡ್ ಮಾಡಿದ್ರೆ ಐದು ನಿಮಿಷದ ಕೆಲಸ. ನಮ್ಮ ಲಾರಿಗಳಿಗೆ ಹಾಗೇ ಮಾಡೋದು.

ಉತ್ತರ (ಹರಿಹರ):
ಅಣ್ಣಾ, ಕೆಲಸ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆ ಬಿಸಿ ಸ್ಟಡ್ಡಿನ ಗಡಸುತನ ತೆಗೆಯುತ್ತೆ. ಪಕ್ಕದಲ್ಲೇ ಟೈರ್, ಹಿಂದೆ ಬೇರಿಂಗ್ ಗ್ರೀಸ್. ಕೊನೆಯ ದಾರಿಯಾಗಿ ಅದನ್ನ ಹಿಡಿದ್ರೆ ಆ ಸ್ಟಡ್ ಮತ್ತೆ ಬಳಸಲೇಬಾರದು.

ಕೇಳಿದ ಸರ್‌ಗೆ ಇನ್ನೊಂದು ಮಾತು. ನಟ್ ಬಂದ ಮೇಲೆ ಸ್ಟಡ್ಡಿನ ಥ್ರೆಡ್ ಮೇಲೆ ಬೆರಳಾಡಿಸಿ ನೋಡ್ರಿ. ಚಪ್ಪಟೆಯಾಗಿದ್ರೆ ಸ್ಟಡ್, ನಟ್ ಎರಡೂ ಹೊಸದು ಹಾಕ್ರಿ. ಮಾರುತಿಗೆ ಸ್ಟಡ್ 12 ಎಂಎಂ ದಪ್ಪ, ಪಿಚ್ (ಥ್ರೆಡ್ ಗೆರೆಗಳ ನಡುವಿನ ಅಂತರ) 1.25 ಎಂಎಂ. ಹ್ಯುಂಡೈಗೆ ಹಾಕೋ 1.5 ಪಿಚ್ ನಟ್ ಎರಡು ಸುತ್ತು ಚೆನ್ನಾಗೇ ಹೋಗಿ ಹಿಡಿದುಕೊಳ್ಳುತ್ತೆ. ಅಲ್ಲಿ ಗನ್ ಹೊಡೆದ್ರೆ ಥ್ರೆಡ್ ಮುಗೀತು. ಹಳೇ ನಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗ್ರಿ.

ಸ್ಟಡ್ ಬದಲಿಸುವಾಗ ಕ್ಯಾಲಿಪರನ್ನ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ತಂತಿಯಿಂದ ಕಟ್ಟಿ ನೇತುಹಾಕ್ರಿ, ಬ್ರೇಕ್ ಹೋಸ್ ಮೇಲೆ ಭಾರ ಬೀಳಬಾರದು. ಹಬ್‌ಗೆ ದೊಡ್ಡ ಸುತ್ತಿಗೆ ಏಟು ಬಿದ್ರೆ ಬೇರಿಂಗ್ ಹಾಳಾಗುತ್ತೆ, ಸ್ಟಡ್ ಒತ್ತಿ ಕೂರಿಸೋ ಪ್ರೆಸ್ ಇರೋ ಕಡೆ ಮಾಡಿಸ್ರಿ. ಥ್ರೆಡ್‌ಗೆ ಆಯಿಲ್ ಸವರಬೇಡ್ರಿ, ಟಾರ್ಕ್, ಅಂದ್ರೆ ಬಿಗಿಯೋ ಬಲದ ಲೆಕ್ಕ ತಪ್ಪುತ್ತೆ. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರು ಬಿಗೀರಿ. ಎಷ್ಟು ಟಾರ್ಕ್ ಅಂತ ಕಾರಿನ ಪುಸ್ತಕದಲ್ಲಿ ಇರುತ್ತೆ.

ಪ್ರಶ್ನೆ ಕೇಳಿದವರು:
18ರ ಸಾಕೆಟ್ ಕೂತಿತು ಸರ್! ಹಿಡಿಗೆ ಪೈಪ್ ಸಿಕ್ಕಿಸಿ ಒತ್ತಿದೆ, 'ಟಕ್' ಅಂತ ಸದ್ದಾಗಿ ಬಿಟ್ಟುಕೊಂಡಿತು. ಸ್ಟಡ್ಡಿನ ತುದಿ ಥ್ರೆಡ್ ಚಪ್ಪಟೆಯಾಗಿತ್ತು. ಶನಿವಾರ ಲೇತ್ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಶಿವಮೊಗ್ಗಕ್ಕೆ ಹೋಗುವಾಗ ಹೊನ್ನಾಳಿಯಲ್ಲಿ ಚಹಾಕ್ಕೆ ನಿಂತು ಟಾರ್ಕ್ ಪಾನಾ ಇಟ್ಟು ನೋಡಿದೆ. ಹೊಸ ಸ್ಟಡ್ಡಿನ ನಟ್ ಕಾಲು ಸುತ್ತು ತಿರುಗಿತು.

ಉತ್ತರ (ಹರಿಹರ):
ಹೊಸ ಸ್ಟಡ್ ಪೂರ್ತಿ ಒಳಗೆ ಕೂರುವಾಗ ಹಾಗಾಗುತ್ತೆ. ವಾಪಸ್ ಬಂದಮೇಲೆ ಇನ್ನೊಮ್ಮೆ ನೋಡ್ರಿ. ಆಗಲೂ ತಿರುಗಿದ್ರೆ ಕಾರು ಓಡಿಸಬೇಡ್ರಿ, ಹಬ್ಬಿನ ತೂತು ಅಗಲವಾಗಿದೆಯಾ ಅಂತ ಬಿಚ್ಚಿ ನೋಡಿಸ್ರಿ.